ಬಾರದಕಟ್ಟೆ

ಯಲ್ಲಾಪುರದ ಉತ್ತರಕ್ಕೆ, ಹಳಿಯಾಳದ ಕಡೆಯ ಕಾಡಿನೊಳಗೆ, ಮುದಿ ಮತ್ತಿಮರವೊಂದರ ಸುತ್ತ ಜಂಬಿಟ್ಟಿಗೆ ಕಲ್ಲಿನ ಕಟ್ಟೆಯಿದೆ. ಅದಕ್ಕೆ ಬಾರದಕಟ್ಟೆ ಎಂದು ಹೆಸರು. ಅಲ್ಲಿಗೆ ಹೋದವರು ಮರಳಿ ಬಾರರು, ಅದಕ್ಕೇ ಆ ಹೆಸರು ಎಂದು ಪೇಟೆಯವರು ಹೆದರಿಸುವುದುಂಟು. ಹತ್ತಿರದ ಸಿದ್ದಿಗಳ ಹಟ್ಟಿಯ ಹಿರಿಯರು ಹೇಳುವ ಕಾರಣ ಬೇರೆ.

ಸಿದ್ದಿಗಳ ಪೂರ್ವಿಕರನ್ನು ಆಫ್ರಿಕದ ಕರಾವಳಿಯಿಂದ ಹಡಗಿನಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದರಂತೆ. ಒಡೆಯರ ಚಾವಟಿ ತಾಳಲಾರದೆ ಘಟ್ಟ ಹತ್ತಿ ಈ ಕಾಡು ಸೇರಿದವರು, ಇನ್ನು ತಮಗೆ ಒಡೆಯನೇ ಬೇಡವೆಂದರು. ಬದಲಿಗೆ ತಮ್ಮಲ್ಲೇ ಒಬ್ಬನನ್ನು ಆರಿಸಿ ಬುದವಂತನೆಂದು ಕರೆದರು. ಅವನು ಮತ್ತಿಮರದ ಕೆಳಗೆ ಎಲ್ಲರ ಮಾತು ಕೇಳಿ ಕಟ್ಟಕಡೆಗೆ ಬಾಯಿ ತೆರೆಯಬೇಕು. ಸಭೆ ಒಪ್ಪದ್ದನ್ನು ಅವನು ಮಾಡುವಂತಿಲ್ಲ. ಹಿಂದೆ ಒಮ್ಮೆ, ಬಿಳಿಯರು ತೇಗಕ್ಕಾಗಿ ಈ ಕಾಡಿಗೆ ಬೇಲಿ ಹಾಕಿದ ಕಾಲದಲ್ಲಿ, ಇನಾಸನೆಂಬವನು ಬುದವಂತನಾಗಿದ್ದ. ಹೆಂಡತಿ ಮಕ್ಕಳಿಲ್ಲದ ಅವನಿಗೆ ತಂಗಿ ಕಾತ್ರಿನಳ ಮಗ ಜುಜೆಯೇ ಮಗನಾಗಿದ್ದ. ತೇಗದ ಸಾಹೇಬ ಇನಾಸನನ್ನು ಬಿಡಾರಕ್ಕೆ ಕರೆಸಿ, ಎದೆಗೆ ಹಿತ್ತಾಳೆಯ ಬಿಲ್ಲೆ ಚುಚ್ಚಿ, ಇಂದಿನಿಂದ ನೀನು ಸರ್ಕಾರದ ಬುದವಂತ ಎಂದನಂತೆ.

ಕಾತ್ರಿನ ಆ ಬಿಲ್ಲೆ ನೋಡಿ, "ನಾವು ಕೊಟ್ಟ ಹೆಸರನ್ನ ಅವ ಹ್ಯಾಗೆ ಕೊಡ್ತಾನೆ, ಅಣ್ಣಾ?" ಎಂದು ಕೇಳಿದಳು. "ಒಲ್ಲೆ ಅಂದ್ರೆ ಹಟ್ಟಿ ಕೀಳಿಸ್ತಾನೆ. ನಾನು ನಡುವೆ ನಿಂತರೆ ಪೆಟ್ಟು ನನಗೆ ಬೀಳ್ತದೆ, ನಿಮಗಲ್ಲ," ಎಂದ ಇನಾಸ. ಅದು ಸುಳ್ಳೇನೂ ಆಗಿರಲಿಲ್ಲ. ಬಿಟ್ಟಿ ದುಡಿಮೆಗೆ ಸಾಹೇಬ ಹಟ್ಟಿಯ ಗಂಡಸರನ್ನೆಲ್ಲ ಕೇಳಿದರೆ ಇವನು ಕೈಮುಗಿದು ಅರ್ಧದಷ್ಟು ಜನರನ್ನು ಕಳಿಸುತ್ತಿದ್ದ. ಉಳಿದವರ ಪಾಲಿನ ಒದೆ ತಾನು ತಿಂದು ಬರುತ್ತಿದ್ದ. ಮುಂದೆ ಸಾಹೇಬ ಕುಮರಿಯನ್ನು, ಅಂದರೆ ಕಾಡಿನ ಇಳಿಜಾರು ಸುಟ್ಟು ಬಿತ್ತುವ ಬೇಸಾಯವನ್ನು, ನಿಲ್ಲಿಸಿಬಿಟ್ಟ. ಹಟ್ಟಿಯಲ್ಲಿ ಗೆಣಸು ಕೂಡ ಮುಗಿಯಿತು. ಹಸಿವು ನೋಡಲಾರದೆ ಜುಜೆ ಒಂದು ಇಳಿಜಾರು ಸುಟ್ಟು ರಾಗಿ ಬಿತ್ತಿದ. ಬೆಂಕಿಯಿಟ್ಟವನ ಹೆಸರು ಹೇಳು, ಇಲ್ಲವೇ ಸಂಜೆಯೊಳಗೆ ಗುಡಿಸಲೆಲ್ಲ ಕೆಡವಿಸುತ್ತೇನೆ ಎಂದು ಸಾಹೇಬ ಗುಡುಗಿದ. ಸಭೆ ಕರೆಯುವಷ್ಟು ಹೊತ್ತಿತ್ತು. ಆದರೆ ಇನಾಸನಿಗೆ ತಂಗಿಯ ಎದುರು ಆ ಮಾತೆತ್ತುವ ಧೈರ್ಯ ಬರಲಿಲ್ಲ. ನಿಂತಲ್ಲೇ ಹೆಸರು ಹೇಳಿದ. ಜುಜೆಯನ್ನು ಕೋಳ ಹಾಕಿ ಘಟ್ಟದ ಕೆಳಗಿನ ಜೈಲಿಗೆ ಒಯ್ದರು. ಮಳೆಗಾಲ ಹಿಡಿಯುವಷ್ಟರಲ್ಲಿ ಅವನು ಜ್ವರದಿಂದ ಸತ್ತ ಸುದ್ದಿ ಬಂತು, ಹೆಣ ಬರಲಿಲ್ಲ.

ತನ್ನ ತಪ್ಪನ್ನು ಜನರೇ ವಿಚಾರಿಸಲೆಂದು ಇನಾಸ ಕಟ್ಟೆಯ ಮೇಲೆ ನಿಂತು ಡಮಾಮಿ ಬಡಿದ. ಆ ಡೋಲಿನ ಸದ್ದಿಗೆ ಮುದುಕರೂ ಕೋಲೂರಿಕೊಂಡು ಬರುವುದು ವಾಡಿಕೆ. ಅಂದು ಯಾರೂ ಬರಲಿಲ್ಲ. ಗುಡಿಸಲುಗಳ ಮೇಲೆ ಒಲೆಯ ಹೊಗೆ ಏಳುವುದು ಅವನಿಗೆ ಕಾಣುತ್ತಿತ್ತು, ಮಕ್ಕಳ ಕೂಗು ಕೇಳುತ್ತಿತ್ತು. ಮರುದಿನವೂ ಬಡಿದ, ಅದರ ಮರುದಿನವೂ. ಬೈಗುಳವನ್ನಾದರೂ ಬಯಸಿ ಕುಳಿತವನಿಗೆ ಅದೂ ಸಿಗಲಿಲ್ಲ. ಕೊನೆಗೆ ಬಂದವನು ಸಾಹೇಬನೇ. "ಜನ ಬಾರದ ಬುದವಂತ ನಮಗೆ ಯಾತಕ್ಕೆ?" ಎಂದು ಬಿಲ್ಲೆ ಕಿತ್ತು, ಮರ ಕಡಿಸುವ ಕೂಪಿನ ಮೇಸ್ತ್ರಿಯೊಬ್ಬನಿಗೆ ಕೊಟ್ಟ. ಆ ಮೇಸ್ತ್ರಿ ಹೊರಗಿನವನು. ಅರ್ಧ ಜನರನ್ನು ಉಳಿಸಿಕೊಳ್ಳುವ ಗೊಡವೆ ಅವನಿಗಿರಲಿಲ್ಲ. ಮುಂದಿನ ಬೇಸಿಗೆಯಲ್ಲೇ ಹಟ್ಟಿಯನ್ನು ಕೀಳಿಸಿದ.

ಗಂಟುಮೂಟೆ ಹೊತ್ತು ಹೊರಟ ಜನ ಕಟ್ಟೆಯತ್ತ ನೋಡದೆ ನಡೆದರು. ಕಾತ್ರಿನ ಮಾತ್ರ ಹಾದಿಯಲ್ಲಿ ನಿಂತಳು, ಹತ್ತಿರ ಬರಲಿಲ್ಲ. "ಕೇಳಿದ್ರೆ ಜುಜೆ ತಾನೇ ಎದ್ದು ಹೋಗ್ತಿದ್ದ, ಅಣ್ಣಾ. ಎದೆ ಕಲ್ಲು ಮಾಡಿಕೊಂಡು ನಾನೂ ಕಳಿಸ್ತಿದ್ದೆ. ನೀನು ಕೇಳಲೇ ಇಲ್ಲ," ಎಂದಳು. ಇನಾಸ ಏನೋ ಹೇಳಲು ಎದ್ದನಂತೆ. ಅಷ್ಟರಲ್ಲಿ ಅವಳು ತಿರುಗಿ ನಡೆದಿದ್ದಳು. ಅವನು ಅಲ್ಲೇ ಸತ್ತ ಎನ್ನುತ್ತಾರೆ. ಹೂತವರು ಯಾರೆಂದು ಯಾರೂ ಹೇಳುವುದಿಲ್ಲ.

ಈಗ ಜುಜೆ ರಾಗಿ ಬಿತ್ತಿದ ಇಳಿಜಾರಿನ ತುಂಬ ಸಾಲುಹಿಡಿದು ನಿಂತ ತೇಗವಿದೆ. ಕಾಡು ನೋಡಲು ಬಂದವರು ಕಟ್ಟೆಯ ಮೇಲೆ ಬುತ್ತಿ ಬಿಚ್ಚುತ್ತಾರೆ, ತಂಪಾಗಿದೆ ಎನ್ನುತ್ತಾರೆ. ಎದುರಿನ ಹಾದಿಯಲ್ಲಿ ಸೌದೆ ಹೊತ್ತು ಸಾಗುವ ಸಿದ್ದಿ ಹೆಂಗಸರು ಮಾತ್ರ, ಕುತ್ತಿಗೆ ಉಳುಕಿದರೂ, ಅಲ್ಲಿ ಹೊರೆ ಇಳಿಸುವುದಿಲ್ಲ.