ಮಸಿ ತೂಗಲು ಹೋದ ವ್ಯಾಪಾರಿ

“ಬುದ್ಧಿ, ಹೊಗೆಗೂಡು ಗುಡಿಸೋಕೆ ಎಷ್ಟು ಕೊಟ್ಟರೆ ನ್ಯಾಯ?”

ಮರುಳಯ್ಯ ಹೀಗೆ ಕೇಳಿದಾಗ ಸ್ವಾಮಿಗಳು ಪೂಜೆ ಮುಗಿಸಿ ಜಗಲಿ ಮೇಲೆ ಕೂತಿದ್ದರು. ಮರುಳಯ್ಯ ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಗೂಡು ಗುಡಿಸುವವನು ಅಂಗಳದ ಬೇವಿನ ಮರದ ಕೆಳಗೆ ಹಗ್ಗದ ಸುರುಳಿ ಪಕ್ಕಕ್ಕಿಟ್ಟುಕೊಂಡು ಉತ್ತರಕ್ಕೆ ಕಾಯ್ತಿದ್ದ.

“ಅವನೆಷ್ಟು ಕೇಳ್ತಾನೆ?”

“ಮೂರು ಸಾವಿರ ಅಂತಾನೆ ಬುದ್ಧಿ. ಊರಲ್ಲಿ ಮನೆಗಳಿಗೆ ಒಂದೂವರೆ ಸಾವಿರವಂತೆ. ಗೂಡು ಎತ್ತರ ಇದ್ದರೆ ಜಾಸ್ತಿ, ವರ್ಷಗಟ್ಟಲೆ ಮುಟ್ಟದೆ ಬಿಟ್ಟಿದ್ದರೆ ಇನ್ನೂ ಜಾಸ್ತಿ. ನಮ್ಮದು ಎರಡೂ ಹೌದು ಅಂತಾನೆ. ಇರೋದು ಅರ್ಧ ದಿನದ ಕೆಲಸ. ಕೊನೆಗೆ ನಮಗೆ ಸಿಗೋದೇನು? ಒಂದು ಬುಟ್ಟಿ ಮಸಿ. ಮುಂದಿನ ವರ್ಷ ನೋಡೋಣ ಅಂತ ಕಳಿಸಿಬಿಡಲಾ? ಈ ವರ್ಷ ಹೇಗೂ ಖರ್ಚಿನ ಮೇಲೆ ಖರ್ಚು. ಅಡುಗೆಯ ಗೌರಜ್ಜಿಗೆ ನೆಗಡಿ ಹಿಡಿದದ್ದು ಬಿಡ್ತಾನೇ ಇಲ್ಲ. ಅವಳ ಕಷಾಯಕ್ಕೇ ಒಂದು ಡಬ್ಬ ಮೆಣಸು ಖಾಲಿ ಆಯ್ತು.”

ಸ್ವಾಮಿಗಳು ಅಡುಗೆಮನೆ ಕಡೆ ಒಂದು ಸಲ ನೋಡಿದರು. “ಕೂತ್ಕೋ” ಅಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಹುಣಸೆಹಣ್ಣಿನ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ಆದರೆ ತಕ್ಕಡಿ ಏರದ ವಸ್ತುವಿಗೂ ಬೆಲೆ ಇರುತ್ತೆ ಅಂತ ಅವನಿಗೆ ಯಾವತ್ತೂ ಅನ್ನಿಸಿದ್ದಿಲ್ಲ.

ಅವನ ಸೀಮೆಯಲ್ಲಿ ಒಂದು ಪದ್ಧತಿ. ಹೊಗೆಗೂಡು ಗುಡಿಸಿದ ಮೇಲೆ ಕೂಲಿ ಎಷ್ಟು ಅಂತ ಮನೆ ಯಜಮಾನ ಹೇಳುವ ಹಾಗಿಲ್ಲ, ಗುಡಿಸಿದವನೂ ಹೇಳುವ ಹಾಗಿಲ್ಲ. ಒಲೆ ಹಚ್ಚಬೇಕು, ಹೊಗೆ ಮೇಲಕ್ಕೆ ಹೋಗುತ್ತೋ ಇಲ್ಲವೋ ನೋಡಬೇಕು, ಮೊದಲ ರೊಟ್ಟಿ ಬೇಯಿಸಬೇಕು. ಆಗ ಬೇಯಿಸಿದವರೇ ಕೂಲಿ ಹೇಳಬೇಕು. ವ್ಯಾಪಾರಿಯ ಅಪ್ಪ ಇರುವ ತನಕ ಹಾಗೇ ನಡೆದಿತ್ತು. ಅಪ್ಪ ಹೋದ ಮೇಲೆ ವ್ಯಾಪಾರಿ, ‘ಮನೆ ನನ್ನದು, ದುಡ್ಡು ನನ್ನದು, ಬೆಲೆ ಕಟ್ಟೋಳು ಒಲೆ ಮುಂದೆ ಕೂತವಳಾ?’ ಅಂದ. ಗುಡಿಸುವವನು ಬಂದಾಗಲೆಲ್ಲಾ ಮುಂದಿನ ವರ್ಷ ಅಂತ ಸಾಗಹಾಕಿದ.

ಅವನ ಹೆಂಡತಿಯ ಕಣ್ಣು ಯಾವಾಗಲೂ ಕೆಂಪಗಿರುತ್ತಿತ್ತು. ತವರು ನೆನೆಸಿಕೊಂಡು ಅಳ್ತಾಳೆ ಪಾಪ ಅಂತ ವ್ಯಾಪಾರಿ ತಿಳಿದಿದ್ದ. ಪ್ರೀತಿ ಇದ್ದ ಗಂಡ. ಆಗಾಗ ಗಾಡಿ ಕಟ್ಟಿಸಿ, ಸೀರೆ ಕೊಡಿಸಿ, ತವರಿಗೆ ಕಳಿಸಿಕೊಡ್ತಿದ್ದ. ಅಲ್ಲಿಂದ ಅವಳು ಬೆಳ್ಳಗಿನ ಕಣ್ಣು ತಗೊಂಡು ಬರ್ತಿದ್ದಳು. ಬಂದು ಎರಡು ದಿನ ಆಗೋದೇ ತಡ, ಮತ್ತೆ ಕೆಂಪು. ಹುಟ್ಟಿದ ಮನೆ ಮೇಲೆ ಎಂಥಾ ಮಮತೆ ಅಂತ ವ್ಯಾಪಾರಿ ಮನಸ್ಸಿನಲ್ಲೇ ಮೆಚ್ಚಿಕೊಳ್ಳುತ್ತಿದ್ದ.

ಹೀಗಿರುವಾಗ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರುವ ದಿನ ಗೊತ್ತಾಯಿತು. ಹೊಗೆ ಅಷ್ಟು ಹೊತ್ತಿಗೆ ನಡುಮನೆ ತನಕ ಬಂದಿತ್ತು. ಬಂದವರು ಕೆಮ್ಮುತ್ತಾ ಹೆಣ್ಣು ನೋಡಿದರೆ ಸಂಬಂಧ ಕುದುರುತ್ತಾ? ವ್ಯಾಪಾರಿ ಗುಡಿಸುವವನಿಗೆ ಹೇಳಿ ಕಳಿಸಿದ. ಬಂದು ನಿಂತವನಿಗೆ, “ನೋಡಪ್ಪ, ಪದ್ಧತಿ ಗಿದ್ಧತಿ ಬೇಡ. ಸೇರು ಮಸಿಗೆ ಇಷ್ಟು ಅಂತ ಹೇಳು. ತೂಗಿ ಕೊಡ್ತೀನಿ” ಅಂದ.

“ಯಜಮಾನ್ರೇ, ಗೂಡೆಲ್ಲಾ ಕೆರೆದರೂ ಮಸಿ ಎರಡು ಸೇರು ತೂಗಲ್ಲ.”

“ಅಷ್ಟು ಹಗುರದ ಮಾಲಿಗೆ ಅಷ್ಟೊಂದು ಕೂಲಿ ಯಾಕೆ ಮತ್ತೆ? ಆಮೇಲೆ ನೀರು ಚಿಮುಕಿಸಿ ತೂಕ ಏರಿಸೋ ಹಾಗಿಲ್ಲ, ಈಗಲೇ ಹೇಳಿದೀನಿ.”

ಹುಣಸೆಹಣ್ಣಿಗೆ ನೀರು ಚಿಮುಕಿಸಿ ತೂಗುವವನು ಅವನು. ಲೋಕದಲ್ಲಿ ಮೋಸ ಇದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗುಡಿಸುವವನು ನಕ್ಕ. ಕೊಟ್ಟ ಮಜ್ಜಿಗೆ ಕುಡಿದ. “ಮಸಿನೂ ನಿಮ್ಮದೇ, ತಕ್ಕಡಿನೂ ನಿಮ್ಮದೇ. ನೀವೇ ಇಳಿಸಿಕೊಂಡು ತೂಗಿಕೊಳ್ಳಿ ಯಜಮಾನ್ರೇ” ಅಂತ ಹಗ್ಗ ಹೆಗಲಿಗೇರಿಸಿಕೊಂಡು ಹೊರಟುಹೋದ.

ಅದೇನು ಬ್ರಹ್ಮವಿದ್ಯೆಯಾ ಅಂದುಕೊಂಡು ವ್ಯಾಪಾರಿ ಏಣಿ ಹಾಕಿ ಚಾವಣಿ ಹತ್ತಿದ. ಈಚಲ ಪೊರಕೆಗೆ ಬಾವಿ ಹಗ್ಗ ಕಟ್ಟಿ ಗೂಡಿನೊಳಗೆ ಇಳಿಬಿಟ್ಟ. ಎಳೆದಾಗ ಹಗ್ಗ ಮಾತ್ರ ಬಂತು. ಪೊರಕೆಯನ್ನ ಕೆಳಕ್ಕಾದರೂ ತಳ್ಳಬೇಕಲ್ಲ. ಅಂಗಡಿಯಿಂದ ಐದು ಸೇರಿನ ತೂಕದ ಕಲ್ಲು ತರಿಸಿ, ಅದೇ ಹಗ್ಗಕ್ಕೆ ಕಟ್ಟಿ ಬಿಟ್ಟ. ಗಂಟು ಹಾಕಿದ ಕೈಯೂ ಅದೇ. ಕಲ್ಲೂ ಹೋಯಿತು. ಪೊರಕೆ ಅಲ್ಲಾಡಲಿಲ್ಲ. ಕಲ್ಲು ಅದರ ಮೇಲೆ ಆರಾಮಾಗಿ ಕೂತಿತು.

ಕೆಳಗಿನಿಂದ ನೋಡೋಣ ಅಂತ ಇಳಿದು ಬಂದು, ಆರಿದ ಒಲೆಯ ಮೇಲೆ ಬಗ್ಗಿ, ಗೂಡಿನೊಳಗೆ ತಲೆ ಹಾಕಿ ಕತ್ತೆತ್ತಿದ. ಮಸಿ ಅಷ್ಟು ಹೊತ್ತು ಅದಕ್ಕೇ ಕಾದಿತ್ತೋ ಏನೋ. ಅವನು ಅಂಗಳಕ್ಕೆ ಬಂದಾಗ ಅವನೇ ಅನ್ನ ಹಾಕಿ ಸಾಕಿದ ನಾಯಿ ಅವನನ್ನ ಬೀದಿ ಕೊನೆ ತನಕ ಅಟ್ಟಿಸಿಕೊಂಡು ಹೋಯಿತು.

ಸಂಜೆಯಾಯಿತು. ನಾಳೆಯ ನೆಂಟರಿಗೆ ಚಕ್ಕುಲಿ ಕರಿಯಬೇಕು. ಮಗಳ ಮೈ ಮಸಿಯಾದೀತು ಅಂತ ಅವಳನ್ನ ಪಕ್ಕದ ಮನೆಗೆ ಕಳಿಸಿದ್ದರು. ಹೆಂಡತಿ ಒಲೆ ಹಚ್ಚಿದಳು. ಹೋಗೋಕೆ ದಾರಿ ಇಲ್ಲದೆ ಹೊಗೆ ಮನೆಗೇ ತಿರುಗಿತು. ಒಬ್ಬಳ ಕೈಲಿ ಆಗುವ ಕೆಲಸ ಅಲ್ಲ. ವ್ಯಾಪಾರಿ ಊದುಗೊಳವೆ ಹಿಡಿದು ಒಲೆ ಮುಂದೆ ಕೂತ. ಹುಟ್ಟಿದಾಗಿನಿಂದ ಅಲ್ಲಿ ಕೂತವನಲ್ಲ. ಕಣ್ಣಲ್ಲಿ ನೀರು ಸುರೀತು, ಮೂಗಲ್ಲಿ ನೀರು ಸುರೀತು.

“ದಿನಾ ಹೀಗೇನೇ?” ಅಂದ.

“ಇವತ್ತು ಸ್ವಲ್ಪ ಜಾಸ್ತಿ” ಅಂದಳು ಹೆಂಡತಿ.

ವ್ಯಾಪಾರಿ ಪಂಚೆಯಿಂದ ಕಣ್ಣು ಒರೆಸಿಕೊಂಡು ಅವಳ ಮುಖ ನೋಡಿದ. ಕಣ್ಣು ಕೆಂಪಗಿತ್ತು. ಹಿತ್ತಾಳೆ ಕೊಡದಲ್ಲಿ ತನ್ನ ಮುಖ ಕಾಣಿಸಿತು. ಅವನ ಕಣ್ಣೂ ಅಷ್ಟೇ ಕೆಂಪಗಿತ್ತು. ಅವನಿಗೆ ನೆನೆಸಿಕೊಂಡು ಅಳೋಕೆ ತವರು ಇರಲಿಲ್ಲ.

ಅವನು ಮತ್ತೆ ಊದುಗೊಳವೆ ಎತ್ತಿಕೊಂಡ. ಚಕ್ಕುಲಿ ಮುಗಿಯುವ ತನಕ ಊದಿದ.

ಬೆಳಕು ಹರಿಯುತ್ತಿದ್ದ ಹಾಗೇ ಗುಡಿಸುವವನ ಊರಿಗೆ ತಾನೇ ನಡೆದುಕೊಂಡು ಹೋದ. ಆ ಪುಣ್ಯಾತ್ಮ ಹಿಂದಿನ ದಿನದ ಮಾತು ಎತ್ತಲಿಲ್ಲ. ಹಗ್ಗ ಹೆಗಲಿಗೇರಿಸಿಕೊಂಡು ಜೊತೆಗೇ ಬಂದ. ಗೂಡಿನಿಂದ ಪೊರಕೆ ತೆಗೆದ, ಕಲ್ಲು ತೆಗೆದ, ಅಪ್ಪ ಹೋದಾಗಿನಿಂದ ಕಟ್ಟಿದ್ದ ಮಸಿಯನ್ನೆಲ್ಲಾ ಕೆರೆದ. ಹೆಂಡತಿ ಒಲೆ ಹಚ್ಚಿದಳು. ಹೊಗೆ, ಹೇಳಿದ ಮಾತು ಕೇಳುವ ಸೊಸೆಯ ಹಾಗೆ, ನೆಟ್ಟಗೆ ಮೇಲಕ್ಕೆ ಹೋಯಿತು.

ವ್ಯಾಪಾರಿ ಚೀಲ ಬಿಚ್ಚಿ, “ಎಷ್ಟು ಕೊಡಲಪ್ಪ?” ಅಂದ.

“ಪದ್ಧತಿ ಮರೆತ್ರಾ ಯಜಮಾನ್ರೇ?”

ಇಬ್ಬರೂ ಅವಳ ಕಡೆ ನೋಡಿದರು. ಅವಳು ಮೊದಲ ರೊಟ್ಟಿ ಬೇಯಿಸಿ ತೆಗೆದು, ಎರಡನೆಯದನ್ನ ತಟ್ಟಿ ಹಂಚಿಗೆ ಹಾಕುತ್ತಾ ಹೇಳಿದಳು: “ನನ್ನನ್ನ ಒಂದು ಸಲ ತವರಿಗೆ ಕಳಿಸೋಕೆ ನಿಮಗೆ ಎಷ್ಟಾಗುತ್ತೋ ಅಷ್ಟು ಕೊಡಿ.”

ವ್ಯಾಪಾರಿ ಕೊಟ್ಟ. ಎರಡೂ ಕೈಯಲ್ಲಿ ಕೊಟ್ಟ.

“ಹಾಗಂತ ತವರಿಗೆ ಹೋಗೋದು ಬಿಡಲ್ಲ” ಅಂತ ಅವಳು ರೊಟ್ಟಿ ಮಗುಚಿ ಹಾಕಿದಳು. ಮೊದಲ ರೊಟ್ಟಿ ಬೆಣ್ಣೆ ಸಮೇತ ಗುಡಿಸುವವನಿಗೆ ಹೋಯಿತು.

ಮಧ್ಯಾಹ್ನ ಗಂಡಿನ ಕಡೆಯವರು ಬಂದರು, ಉಂಡರು, ಒಪ್ಪಿದರು. ಚಕ್ಕುಲಿ ಕೊಂಚ ಹೊಗೆ ವಾಸನೆ ಅಂದರು, ಆದರೂ ಇನ್ನೆರಡು ಹಾಕಿಸಿಕೊಂಡರು. ಅವತ್ತಿನಿಂದ ವ್ಯಾಪಾರಿ ಊಟಕ್ಕೆ ಕೂರುವ ಮೊದಲು ಅಡುಗೆಮನೆ ಕಡೆ ತಿರುಗಿ ಒಂದು ಸಲ ಕೈ ಮುಗಿಯುತ್ತಿದ್ದ. ಕೈ ತೊಳೆದ ನೀರು ಒರೆಸಿಕೊಳ್ತಾನೆ ಅಂತ ನೋಡಿದವರು ತಿಳಿದುಕೊಂಡರು. ಅವನೂ ತಿದ್ದೋಕೆ ಹೋಗಲಿಲ್ಲ.

ಸ್ವಾಮಿಗಳು ಕತೆ ನಿಲ್ಲಿಸಿದರು. ಬೇವಿನ ಮರದ ಕೆಳಗೆ ಗುಡಿಸುವವನು ಇನ್ನೂ ಕೂತೇ ಇದ್ದ.

ಮರುಳಯ್ಯ ತಲೆ ಕೆರೆದುಕೊಂಡ. “ಅಂದರೆ ಮೂರು ಸಾವಿರ ಕೊಡಬಹುದು ಅಂತೀರಾ ಬುದ್ಧಿ?”

ಒಳಗೆ ಗೌರಜ್ಜಿ ಕೆಮ್ಮಿದಳು.

“ಅದಿರಲಿ ಮರುಳಯ್ಯ, ಅಜ್ಜಿಗೆ ಹಿಡಿದಿರೋದು ನೆಗಡಿ ಅಂತ ಹೇಳಿದವರು ಯಾರು?”

ಮರುಳಯ್ಯ ಅಡುಗೆಮನೆ ಕಡೆ ಒಂದು ಸಲ ನೋಡಿ, ಗುಡಿಸುವವನನ್ನ ಕರೆಯೋಕೆ ಅಂಗಳಕ್ಕಿಳಿದ.