ಬಂಡೆಗುಡ್ಡದ ಹೊನ್ನೆಬೀಜ

"ಕಗ್ಗಲನಾಡಿನ ಪ್ರಜೆಗಳೆಲ್ಲ ಕೇಳಿ. ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿದೆ. ನಮ್ಮ ಹೊನ್ನೆಕಾಡು ನಿಂತಲ್ಲೇ ಒಣಗುತ್ತಿದೆ. ಬಂಡೆಗುಡ್ಡದ ರಕ್ಕಸಿಯ ಮೂರು ಒಗಟು ಬಿಡಿಸಿ, ಕಾಡು ಉಳಿಸುವ ಬೀಜ ತಂದವರಿಗೆ ಆ ಕಾಡನ್ನೇ ಬಿಟ್ಟುಕೊಡುತ್ತೇನೆ. ತಪ್ಪಿದವರು ಅವಳ ಸೆರೆಯಾಳು."

ಅರಸ ವೀರಮಲ್ಲ ಹೀಗೆಂದು ಡಂಗುರ ಹೊಡೆಸಿದ. ಮೊದಲು ಗುಡ್ಡ ಹತ್ತಿದವನು ನೆರೆರಾಜ್ಯದ ರಾಜಕುಮಾರ.

"ಕಾಲಿಲ್ಲದವನೊಬ್ಬ ನಿಂತ ಜಾಗ ಬಿಟ್ಟು ಕದಲಲಿಲ್ಲ. ಕೆಳಗೆ ಸೆಕೆ ಹೆಚ್ಚಿದಾಗ ಅವನ ವಂಶ ಬೆಟ್ಟ ಹತ್ತಿ ತಂಪು ಸೇರಿತು. ಯಾರವನು?" ಎಂದಳು ರಕ್ಕಸಿ.

"ಮೋಡ."

"ಮೋಡ ನಿಂತಲ್ಲಿ ನಿಲ್ಲುತ್ತದೆಯೇ?" ಎನ್ನುತ್ತ ಅವನನ್ನು ಗವಿಯೊಳಗೆ ಕಟ್ಟಿಹಾಕಿದಳು.

ಆಮೇಲೆ ಹೋದವನು ಜಟ್ಟಿ ಬೈರ. "ಮರ. ಅದರ ಬೀಜವನ್ನು ಗಾಳಿ ಹೊತ್ತೊಯ್ಯುತ್ತದೆ," ಎಂದು ಮೊದಲನೆಯದನ್ನು ಗೆದ್ದ. ಎರಡನೆಯದು ಬಂತು. "ಒಬ್ಬಳೇ ತಾಯಿಗೆ ನೂರಾರು ಮಕ್ಕಳು. ಬರ ಬಂದು ಬಹುಪಾಲು ಸತ್ತವು, ಕೆಲವು ಉಳಿದವು. ಉಳಿದವನ್ನು ಕಾದದ್ದು ಯಾವುದು?"

"ತೋಳ್ಬಲ," ಎಂದ ಬೈರ. ಅವನೂ ಗವಿ ಸೇರಿದ.

ಬೈರನ ತಂಗಿ ದ್ಯಾವಕ್ಕ ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾರುವವಳು. ಅಣ್ಣ ಸಿಕ್ಕಿಬಿದ್ದ ಸುದ್ದಿ ಕೇಳಿದವಳೇ ಎಲೆಯ ಕಟ್ಟನ್ನು ಅಲ್ಲೇ ಇಳಿಸಿ ಗುಡ್ಡ ಹತ್ತಿದಳು. ಮೊದಲ ಒಗಟಿಗೆ ಅವಳೂ ಮರವೆಂದೇ ಹೇಳಿ, ಎರಡನೆಯದಕ್ಕೆ, "ಹುಟ್ಟುಗುಣ, ಅವ್ವಾ," ಎಂದಳು. "ನಮ್ಮ ಹಿತ್ತಲಲ್ಲಿ ಒಂದೇ ಮರದ ಬೀಜದ ಸಸಿಗಳಿದ್ದವು. ಬೇಸಿಗೆಗೆ ಹೆಚ್ಚಿನವು ಸೊರಗಿ ಸತ್ತವು. ಉಳಿದವನ್ನು ಕಿತ್ತು ನೋಡಿದರೆ ಬೇರು ಆಳಕ್ಕೆ ಇಳಿದಿತ್ತು. ಅದು ಬಿಸಿಲು ಕಲಿಸಿದ್ದಲ್ಲ. ಒಡಹುಟ್ಟಿದರೂ ಎಲ್ಲರೂ ಒಂದೇ ಥರ ಹುಟ್ಟುವುದಿಲ್ಲವಲ್ಲ."

ರಕ್ಕಸಿ ಅವಳ ಹತ್ತಿರ ಬಂದು ಕೂತಳು. "ನೆಟ್ಟಗೆ ಬೆಳೆದ ಮರವನ್ನು ಊರೆಲ್ಲ ಹೊಗಳುತ್ತದೆ. ಯಾರೂ ಹೊಗಳದ ಮರವೊಂದು ನಾಳೆಯ ಕಾಡಿಗೆ ತಾಯಿಯಾಗುತ್ತದೆ. ಯಾವುದು?"

ಗವಿಯೊಳಗಿಂದ ಅಣ್ಣನ ಕೆಮ್ಮು ಕೇಳಿಸಿತು. ದ್ಯಾವಕ್ಕ ಸುತ್ತ ನೋಡಿದಳು. ಬಂಡೆಯ ಬಿರುಕಿನಲ್ಲಿ ಕುಳ್ಳ ಹೊನ್ನೆಯೊಂದು ಸೊಟ್ಟಗೆ ನಿಂತಿತ್ತು. ಕೆಳಗಿನ ದೊಡ್ಡ ಮರಗಳೆಲ್ಲ ಬೋಳಾಗಿದ್ದರೂ ಇದರ ಎಲೆ ಹಸಿರಾಗಿತ್ತು.

"ಇದೇ. ತಲೆತಲಾಂತರದಿಂದ ಒಣನೆಲದಲ್ಲಿ ಬದುಕಿದ ಕುಲ ಇದರದು. ಬರ ತಾಳುವ ಗುಣ ಬೀಜದಲ್ಲೂ ಇರುತ್ತದೆ. ಆದರೆ ಇದೊಂದನ್ನೇ ಬಿತ್ತಿದರೆ ಸಾಲದು, ಅವ್ವಾ. ಮುಂದೆ ರೋಗ ಬಂದೀತು, ಅತಿಮಳೆ ಬಂದೀತು. ಕೆಳಗಿನ ಮರಗಳ ಬೀಜವೂ ಬೆರೆಯಬೇಕು."

"ನಾನು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದೆ, ಮಗಳೇ," ಎಂದು ರಕ್ಕಸಿ ಗವಿಯ ಬಾಗಿಲು ತೆರೆದಳು. ಹೊರಬಂದ ಬೈರ ತಂಗಿಯನ್ನು ನೋಡಿ ಅವಳ ಪಕ್ಕ ಕೂತು ತಲೆ ಸವರಿದ. ರಾಜಕುಮಾರನೇ ಅವನ ಕೈಹಿಡಿದು ಎಬ್ಬಿಸಿದ. ಮೂವರೂ ಮಡಿಲು ತುಂಬ ಬೀಜ ಹೊತ್ತು ಇಳಿದರು.

ಅರಸ ಮಾತಿನಂತೆ ಕಾಡನ್ನು ದ್ಯಾವಕ್ಕನಿಗೆ ಒಪ್ಪಿಸಿದ. ಅವಳು ಗುಡ್ಡದ ಬೀಜಕ್ಕೆ ಕೆಳಗಿನ ಮರಗಳ ಬೀಜ ಬೆರೆಸಿ ಬಿತ್ತಿಸಿದಳು. ಮರುಬೇಸಿಗೆ ಕಳೆದ ಮೇಲೆ ಅರಸ ಸಸಿ ನೋಡಲು ಬಂದು, "ಬಹಳ ಸತ್ತಿವೆಯಲ್ಲ, ತಾಯಿ," ಎಂದ.

"ಉಳಿದವೂ ಬಹಳ ಇವೆ, ಒಡೆಯಾ. ಇವುಗಳ ಮಕ್ಕಳಲ್ಲಿ ಬದುಕುವವು ಇನ್ನೂ ಹೆಚ್ಚು."

ಅರಸ ಬಗ್ಗಿ ಒಂದು ಚಿಗುರು ಮುಟ್ಟಿದ. ಅಂದು ಎಷ್ಟೋ ವರ್ಷಗಳ ಮೇಲೆ ಅವನು ಕಣ್ತುಂಬ ನಿದ್ದೆ ಮಾಡಿದನಂತೆ.