ಪೂರ್ವ ಬಾಗಿಲಿನ ಮನೆ

"ಗುರುಗಳೇ, ಒಳ್ಳೆಯ ವಕೀಲರನ್ನು ಗುರುತಿಸುವುದು ಹೇಗೆ?"

ಶಿಷ್ಯ ಅಡವೆಪ್ಪ ಹೀಗೆ ಕೇಳಿದಾಗ ಗುರುಗಳಿಗೆ ನಗು ಬಂತು. ಆತ್ಮ ಎಂದರೇನು, ಮಾಯೆ ಎಂದರೇನು ಎಂದು ತಲೆ ತಿನ್ನುತ್ತಿದ್ದವನು ಇವತ್ತು ನೆಲಕ್ಕೆ ಇಳಿದಿದ್ದಾನೆ ಎಂದು ಸಂತೋಷವೂ ಆಯಿತು. ಏನು ವಿಷಯ ಎಂದು ವಿಚಾರಿಸಿದರು.

"ನಮ್ಮ ಅಕ್ಕ ಒಂದು ಮನೆ ಕೊಳ್ಳುತ್ತಿದ್ದಾಳೆ. ಪೂರ್ವ ಬಾಗಿಲಿನ ಮನೆ, ಲಕ್ಷಣವಾಗಿದೆ. ಇಪ್ಪತ್ತು ವರ್ಷ ಹೊಲಿಗೆ ಮಾಡಿ ಕಂಡ ಕನಸು ಅದು. ಕಾಗದಪತ್ರ ನೋಡಲು ಇಬ್ಬರು ವಕೀಲರನ್ನು ಕಂಡೆವು. ಒಬ್ಬರು ದೊಡ್ಡ ಹೆಸರಿನವರು. ಹಾಳೆ ತಿರುವಿ ನೋಡಿ, ಎಲ್ಲ ಸರಿಯಿದೆ ಎಂದರು. ಇನ್ನೊಬ್ಬಾಕೆ, ನಾವು ಒಂದು ಕೇಳಿದರೆ ತಾನೇ ಹತ್ತು ಕೇಳುತ್ತಾಳೆ. ಯಾರಿಗೆ ಒಪ್ಪಿಸಬೇಕು?"

ಗುರುಗಳು ಅದಕ್ಕೆ ಉತ್ತರವಾಗಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸೊಬ್ಬಳಿದ್ದಳು. ಇದ್ದದ್ದು ಬಾಡಿಗೆ ಮನೆ. ಮುಂದೆ ರಸ್ತೆ, ಹಿಂದೆ ಅಡುಗೆಮನೆ, ಅಲ್ಲಿ ಎರಡು ಒಲೆ. ಆ ಒಲೆಗಳೇ ಅವಳ ಅನ್ನ. ಒಂದು ದಿನ ಮನೆಯ ಯಜಮಾನ ಬಂದು, ಮನೆ ಮಾರುವವನಿದ್ದೇನೆ, ಮೊದಲು ನಿನ್ನನ್ನೇ ಕೇಳುತ್ತೇನೆ ಎಂದ. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ಅವಳು ಪತ್ರಗಳನ್ನು ಹಿಡಿದು ಊರಿನ ಹೆಸರಾಂತ ವಕೀಲನ ಬಳಿ ಹೋದಳು. ಮೂಲಪತ್ರ ಇತ್ತು, ಖಾತೆ ಇತ್ತು, ಕಂದಾಯದ ರಸೀದಿ ಇತ್ತು. ಎಲ್ಲ ಪತ್ರ ಇವೆ, ಶುಕ್ರವಾರ ರಿಜಿಸ್ಟರ್ ಮಾಡಿಸು ಎಂದು ವಕೀಲ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳಿಗೆ ಓದು ಅಷ್ಟಕ್ಕಷ್ಟೆ. ಎದ್ದು ಬರುವಾಗ ಒಂದು ಮಾತು ಕೇಳಿದಳು: "ಈ ಕಾಗದದಾಗ ನಮ್ಮ ಒಲಿ ಎಲ್ಲೈತ್ರೀ?"

"ಕಾಗದದಾಗ ಒಲಿ ಇರತೈತೇನವ್ವಾ?" ಎಂದು ಅವನು ನಕ್ಕ. ಪಕ್ಕದಲ್ಲಿದ್ದವರೂ ನಕ್ಕರು.

ಆ ನಗು ಅವಳಿಗೆ ಮುಳ್ಳಾಯಿತು. ಅದೇ ಪ್ರಶ್ನೆ ಹೊತ್ತುಕೊಂಡು ಕೋರ್ಟಿನ ಹಿಂದೆ ತಗಡಿನ ಚಪ್ಪರದಡಿ ಕೂರುವ ಒಬ್ಬ ಮುದಿ ವಕೀಲನ ಬಳಿ ಹೋದಳು. ಅವನು ಪತ್ರ ಓದಿದ, ಮತ್ತೆ ಓದಿದ. "ನನಗೂ ಗೊತ್ತಾಗವಲ್ದವ್ವಾ. ನಾಳೆ ಮುಂಜಾನೆ ಬರತೀನಿ, ನಿಂತು ನೋಡೂಣು" ಎಂದ.

ಗೊತ್ತಿಲ್ಲ ಎನ್ನುವ ವಕೀಲನನ್ನು ಅವಳು ಅದೇ ಮೊದಲ ಸಲ ಕಂಡದ್ದು.

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಮುದುಕ ಅಳತೆಯ ಟೇಪು ಹಿಡಿದು ಹೊಸ್ತಿಲ ಮೇಲೆ ನಿಂತ. ಮಾರಾಟದ ಪತ್ರದಲ್ಲಿ ಆಸ್ತಿಯ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆಯುತ್ತಾರಲ್ಲ, ಆ ಚಕ್ಕುಬಂದಿಯನ್ನು ಗಟ್ಟಿಯಾಗಿ ಓದಿದ. ಪೂರ್ವಕ್ಕೆ ರಸ್ತೆ ಎಂದಿತ್ತು. ಮನೆಗೆ ಊರೆಲ್ಲ ಪೂರ್ವ ಬಾಗಿಲಿನ ಮನೆ ಎಂದೇ ಹೆಸರು. ಆದರೆ ಸೂರ್ಯ ರಸ್ತೆಯ ಕಡೆಯಿಂದ ಬರಲಿಲ್ಲ. ಎಡಗಡೆಯ ಕಂಚುಗಾರನ ಮಾಡಿನ ಮೇಲಿಂದ ಎದ್ದು ಬಂದ.

ಅಷ್ಟು ವರ್ಷ ಆ ಮನೆಯಲ್ಲಿದ್ದವಳಿಗೆ ಗೊತ್ತಾಗಲಿಲ್ಲವೇ ಎಂದು ಕೇಳಬೇಡ, ಅಡವೆಪ್ಪ. ದಿನಾ ಬೆಳಿಗ್ಗೆ ಅವಳು ಬಾಗಿಲಿಗೆ ಬಂದು, ಎಡಕ್ಕೆ ತಿರುಗಿ, ಸೂರ್ಯನಿಗೆ ಕೈ ಮುಗಿಯುತ್ತಿದ್ದಳು. ಹತ್ತು ಜನ ಪೂರ್ವ ಎಂದರೆ ಸೂರ್ಯನೇ ದಾರಿ ತಪ್ಪಿರಬೇಕು ಎಂದುಕೊಳ್ಳುವ ಜನ ನಾವು.

ನಡೆದದ್ದು ಇಷ್ಟು. ಯಜಮಾನನ ಅಪ್ಪ ಅಣ್ಣತಮ್ಮಂದಿರಲ್ಲಿ ಪಾಲಾಗಿ ಈ ಮನೆ ಪಡೆದಾಗ, ದಕ್ಷಿಣದ ಬಾಗಿಲು ಮನೆಗೆ ಆಗಿಬರುವುದಿಲ್ಲ ಎಂದು ಯಾರೋ ಹೆದರಿಸಿದ್ದರು. ಗೋಡೆ ತಿರುಗಿಸುವುದು ಎಂದರೆ ದೊಡ್ಡ ಕೆಲಸ. ದಿಕ್ಕು ತಿರುಗಿಸಲು ಒಂದು ಹನಿ ಶಾಯಿ ಸಾಕು. ಪಾಲುಪತ್ರದಲ್ಲಿ ಪೂರ್ವ ಬಾಗಿಲು ಎಂದೇ ಬರೆಸಿದ. ಬಾಗಿಲು ತಿರುಗಿದ ಮೇಲೆ ಉಳಿದ ಮೂರು ದಿಕ್ಕೂ ಅದರ ಹಿಂದೆ ತಿರುಗಿದವು. ಅಳತೆ ಮಾತ್ರ ತಿರುಗಲಿಲ್ಲ, ಪೂರ್ವ-ಪಶ್ಚಿಮ ಇಪ್ಪತ್ತಡಿ, ಉತ್ತರ-ದಕ್ಷಿಣ ನಲವತ್ತಡಿ ಎಂದೇ ಉಳಿಯಿತು. ಆಮೇಲೆ ಬರೆದವರೆಲ್ಲ ನೋಡಿ ಬರೆದರು, ನೋಡಿದ್ದು ಮಾತ್ರ ಹಳೆಯ ಕಾಗದವನ್ನು.

ಮುದುಕ ಕಾಗದ ಹೇಳಿದಂತೆಯೇ ಟೇಪು ಹಿಡಿದ. ರಸ್ತೆಯ ಗುಂಟ ಇಪ್ಪತ್ತಡಿ ಇರಬೇಕಾದ ಮನೆ ಕಾಗದದಲ್ಲಿ ನಲವತ್ತಡಿ. ಟೇಪು ಕಂಚುಗಾರನ ಅಂಗಳ ದಾಟಿ ಅವನ ಕುಲುಮೆಯ ತನಕ ಹೋಯಿತು. ಹಿಂದಕ್ಕೆ ನಲವತ್ತಡಿ ಇರಬೇಕಾದದ್ದು ಇಪ್ಪತ್ತಕ್ಕೇ ಮುಗಿಯಿತು. ಎರಡು ಒಲೆಗಳೂ ಕಾಗದದ ಹೊರಗೆ ಉಳಿದವು.

ಕಂಚುಗಾರ ಕೈಯಲ್ಲಿ ಸುತ್ತಿಗೆ ಹಿಡಿದೇ ಹೊರಬಂದ. "ನನ್ನ ಮನಿಯಾಗ ಟೇಪ್ ಯಾಕ ಹಿಡದೀರಿ?"

"ನಾ ಎಲ್ಲಿ ಹಿಡದೀನಪಾ, ಈ ಕಾಗದ ಹಿಡದೈತಿ" ಎಂದು ಮುದುಕ ಪತ್ರ ತೋರಿಸಿದ.

ವಿಷಯ ತಿಳಿದ ಯಜಮಾನ ಸಿಟ್ಟಾದ. ಇಷ್ಟು ವರ್ಷ ಯಾರೂ ಕೇಳದ್ದನ್ನು ಈಗ ಯಾಕೆ ಕೆದಕುತ್ತೀರಿ ಎಂದ. ಕೊಳ್ಳುವವರು ಇನ್ನೊಬ್ಬರು ಕಾಯುತ್ತಿದ್ದಾರೆ, ಶುಕ್ರವಾರ ಬಂದರೆ ಬಾ, ಇಲ್ಲದಿದ್ದರೆ ಮನೆ ಖಾಲಿ ಮಾಡು ಎಂದೂ ಹೇಳಿದ. ಅವಳಿಗೆ ರುಜು ಹಾಕಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೂ ಹೇಳಿದಳು: "ಅವರಿಗೇ ಕೊಡ್ರಿ. ಒಲಿ ಇಲ್ಲದ ಮನಿ ತಗೊಂಡು ನಾ ಏನ್ ಮಾಡ್ಲಿ?" ಒಳಗೆ ಹೋಗಿ ಅತ್ತಳು. ಅವತ್ತು ರೊಟ್ಟಿ ಮಾಡಲಿಲ್ಲ.

ಮುದಿ ವಕೀಲ ಸಮಾಧಾನ ಹೇಳಲು ಹೋಗಲಿಲ್ಲ. ಅವನಿಗೆ ಅದು ಬರುತ್ತಲೂ ಇರಲಿಲ್ಲ. ತಿದ್ದುಪಡಿ ಪತ್ರದ ಕರಡು ಬರೆಯುತ್ತ ಜಗಲಿಯ ಮೇಲೆ ಕುಳಿತ. ಅದನ್ನು ಕಂಚುಗಾರನಿಗೂ ಓದಿ ಹೇಳಿದ. ಕಂಚುಗಾರ ಸುತ್ತಿಗೆ ಕೆಳಗಿಟ್ಟು, ಅಂಗಿ ಹಾಕಿಕೊಂಡು, ನೇರ ಯಜಮಾನನ ಮನೆಗೆ ಹೋದ. ಇನ್ನೊಬ್ಬರಿಗೆ ಮಾರಿದರೂ ನನ್ನ ಅರ್ಧ ಮನೆ ನಿಮ್ಮ ಕಾಗದದಲ್ಲೇ ಇರುತ್ತದೆ, ಯಾರಿಗೆ ಮಾರಿದರೂ ರಿಜಿಸ್ಟರ್ ಕಚೇರಿಯ ಬಾಗಿಲಲ್ಲಿ ನಾನು ನಿಂತಿರುತ್ತೇನೆ ಎಂದ.

ಯಜಮಾನ ಕೆಟ್ಟವನಲ್ಲ. ಅಪ್ಪನ ತಪ್ಪು ಒಪ್ಪಿಕೊಳ್ಳಲು ನಾಚಿಕೆ, ಅಷ್ಟೆ. ಒಂದು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ಆ ಪಾಲುಪತ್ರದ ಇನ್ನೊಂದು ಕಡೆಯ ದಾಯಾದಿಯನ್ನು ಕರೆತಂದು, ಇಬ್ಬರೂ ತಿದ್ದುಪಡಿ ಪತ್ರಕ್ಕೆ ರುಜು ಹಾಕಿದರು. ಒಂದು ತಿಂಗಳು ತಡವಾಗಿ ಮನೆ ಅವಳದಾಯಿತು.

ಹೊಸ ಪತ್ರ ಬಂದ ದಿನ ಮುದುಕ ಅದನ್ನು ಅವಳ ಅಡುಗೆಮನೆಯಲ್ಲೇ ಕುಳಿತು ಓದಿದ. ದಕ್ಷಿಣಕ್ಕೆ ರಸ್ತೆ, ಪೂರ್ವಕ್ಕೆ ಕಂಚುಗಾರನ ಮನೆ. ಈಗ ಒಲಿ ಎಲ್ಲೈತ್ರೀ ಎಂದು ಅವಳು ಮತ್ತೆ ಕೇಳಿದಳು. ಅವನು ರಸ್ತೆಯಿಂದ ಹಿಂದಕ್ಕೆ ನಲವತ್ತಡಿ ಎಂಬ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಅವಳು ಬಿಸಿ ರೊಟ್ಟಿ ಅವನ ತಟ್ಟೆಗೆ ಹಾಕಿದಳು. ದಕ್ಷಿಣದ ಬಾಗಿಲು ಅವಳಿಗೆ ಆಗಿಬಂತು. ಈಗ ಆ ಮನೆಯಲ್ಲಿ ಒಲೆ ನಾಲ್ಕು.

ಗುರುಗಳು ಕತೆ ನಿಲ್ಲಿಸಿದರು. ಅಡವೆಪ್ಪನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ಹತ್ತು ಪ್ರಶ್ನೆ ಕೇಳುವ ಆ ವಕೀಲೆಗೇ ಒಪ್ಪಿಸುತ್ತೇನೆ. ಇನ್ನು ನಾವು ನಿಶ್ಚಿಂತೆಯಿಂದ ಇರಬಹುದು."

ಗುರುಗಳು ಅವನನ್ನೇ ನೋಡಿದರು.

"ಪೂರ್ವ ಬಾಗಿಲಿನ ಮನೆ ಎಂದೆಯಲ್ಲ ಅಡವೆಪ್ಪ, ಹಾಗೆಂದು ನಿನಗೆ ಹೇಳಿದ್ದು ಸೂರ್ಯನೋ, ಕಾಗದವೋ?"